ಹಳೆಯ ಪತ್ತೇದಾರಿ ಚಿತ್ರಗಳು ನಮ್ಮ ಮನೆಗೆ ಬರುವುದೆಂದು?

ಶಾಲೆಗಳಿಗೆ ರಜೆಯಿದ್ದ ದಿನಗಳಲ್ಲಿ, ಒಂದು ಸೋಮವಾರ ಮಧ್ಯಾಹ್ನ, ನಮ್ಮ ಸಂಘದ ಕೋಣೆಯಲ್ಲಿ ನಡೆದ ಸಣ್ಣ ಸಂಗತಿಯೊಂದರಿಂದ ಈ ಮಾತನ್ನು ಆರಂಭಿಸುತ್ತೇವೆ. ಹೋಟೆಲುಗಳಲ್ಲಿ ಊಟದ ಗಡಿಬಿಡಿ ಮುಗಿದು ಸಂಜೆಯ ಚಾ ತಿಂಡಿ ಇನ್ನೂ ಆರಂಭವಾಗದ ಆ ಎರಡು ಗಂಟೆಗಳು ನಮ್ಮವರಿಗೆ ಎಷ್ಟು ಬೆಲೆಯುಳ್ಳವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ಹೊತ್ತಿನಲ್ಲಿ ಸಪ್ಲಾಯರುಗಳು, ಅಡುಗೆಯವರು, ರಾತ್ರಿ ಪಾಳಿಗೆ ಹೋಗಬೇಕಾದ ಕೆಲವು ಗಿರಣಿ ಬಂಧುಗಳು, ಅವರ ಹೆಂಡಿರು ಮಕ್ಕಳು ಎಲ್ಲ ಸೇರಿ ಹಳೆಯ ಕನ್ನಡ ಪತ್ತೇದಾರಿ ಚಿತ್ರವೊಂದನ್ನು ನೋಡುವುದೆಂದು ನಿಶ್ಚಯವಾಗಿತ್ತು. ಮೊಬೈಲಿನಲ್ಲಿ ಸಿಕ್ಕಿದ ಪ್ರತಿಯನ್ನೇ ಪರದೆಯ ಮೇಲೆ ಹಾಯಿಸಿದೆವು. ಚಿತ್ರದ ಹೆಸರು ಇಲ್ಲಿ ಬೇಡ, ತಪ್ಪು ಚಿತ್ರದ್ದಲ್ಲ.

ಕಥೆ ಚೆನ್ನಾಗಿಯೇ ಸಾಗಿತು. ರಾತ್ರಿ ಹೊತ್ತು, ಒಂಟಿ ಮನೆ, ಯಾರೋ ಮೆಟ್ಟಿಲು ಹತ್ತುವ ಸದ್ದು. ಎಲ್ಲರೂ ಉಸಿರು ಬಿಗಿಹಿಡಿದು ಕುಳಿತಿದ್ದಾಗ ಪರದೆ ಮಸಿ ಬಳಿದಂತೆ ಕಪ್ಪಾಯಿತು. ಮೂಲೆಯಲ್ಲಿ ಚಿತ್ರವನ್ನು ಹಾಕಿದವರ ಗುರುತು ಮಾತ್ರ ಹೊಳೆಯುತ್ತಿತ್ತು. ಒಂದು ಕೂಗು ಕೇಳಿಸಿತು. ಆ ಕೂಗಿನ ನಡುವೆಯೇ ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು ಬಂದುಬಿಟ್ಟಿತು. ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ತಿರುಗಿ, "ಅಪ್ಪಾ, ಈಗ ಒಳಗೆ ಬಂದದ್ದು ಯಾರು?" ಎಂದು ಕೇಳಿದಳು. "ನನಗೂ ಕಾಣಲಿಲ್ಲ ಮಗಾ" ಎಂದರು ತಂದೆ. ಇಪ್ಪತ್ತೈದು ವರ್ಷಗಳ ಹಿಂದೆ ಊರಿನ ಟಾಕೀಸಿನಲ್ಲಿ ಅದೇ ಚಿತ್ರವನ್ನು ಕಂಡಿದ್ದವರು ಅವರು. ಮಗಳಿಗೆ ತೋರಿಸಬೇಕೆಂದೇ ಮಾಲಿಕರಲ್ಲಿ ಕೇಳಿ ಬಿಡುವು ಪಡೆದು ಬಂದಿದ್ದರು. ಅರ್ಧಕ್ಕೇ ಎದ್ದು ಹೋದ ಆ ಹುಡುಗಿ ಇನ್ನೊಮ್ಮೆ ಕನ್ನಡ ಚಿತ್ರ ನೋಡಲು ಬರುವಳೇ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

"ಸಂಬಳ, ಭವಿಷ್ಯನಿಧಿ, ಇರಲು ಖೋಲಿ, ಇವುಗಳ ವಿಷಯ ಬರೆಯಬೇಕಾದ ಪತ್ರಿಕೆಯಲ್ಲಿ ಸಿನಿಮಾದ ಮಾತೇಕೆ?" ಎಂದು ಕೆಲವು ಹಿರಿಯ ಬಂಧುಗಳು ಕೇಳಬಹುದು. ಅವರ ಮಾತಿನಲ್ಲಿ ನ್ಯಾಯವಿದೆ. ಆ ವಿಷಯಗಳನ್ನು ನಾವು ಬಿಟ್ಟವರೂ ಅಲ್ಲ. ಆದರೆ ದುಡಿಯುವವನಿಗೆ ಕೂಲಿ ಎಷ್ಟು ಮುಖ್ಯವೋ ಬಿಡುವಿನ ಹೊತ್ತೂ ಅಷ್ಟೇ ಮುಖ್ಯ. ಎಂಟು ತಾಸಿನ ದುಡಿಮೆಗಾಗಿ ಹೋರಾಡಿದ ಹಿಂದಿನವರು ಉಳಿದ ಹೊತ್ತನ್ನು ಗೋಡೆ ನೋಡುತ್ತ ಕಳೆಯಲೆಂದು ಹೋರಾಡಲಿಲ್ಲ. ಊರು ಬಿಟ್ಟು ಅಹಮದಾಬಾದ್, ವಡೋದರ, ಸೂರತ್ತುಗಳಲ್ಲಿ ನೆಲೆಸಿರುವ ನಮಗೆ ಆ ಹೊತ್ತಿನಲ್ಲಿ ನಮ್ಮ ಭಾಷೆ ಕಿವಿಗೆ ಬೀಳಬೇಕು. ನಮ್ಮ ಮಕ್ಕಳು ಶಾಲೆಯಲ್ಲಿ ಗುಜರಾತಿ ಕಲಿಯುತ್ತಾರೆ, ಬೀದಿಯಲ್ಲಿ ಹಿಂದಿ ಆಡುತ್ತಾರೆ. ಮನೆಯಲ್ಲಿ ಎಷ್ಟೋ ಕಡೆ ತುಳುವೋ ಕೊಂಕಣಿಯೋ ನಡೆಯುತ್ತದೆ. ಅವರಿಗೆ ಕನ್ನಡ ಬರುವ ಬಾಗಿಲುಗಳು ಬಹಳ ಕಡಮೆ. ಅವುಗಳಲ್ಲಿ ಚಲಚ್ಚಿತ್ರ ಒಂದು. ಚಲಚ್ಚಿತ್ರಗಳಲ್ಲಿಯೂ "ಮುಂದೇನಾಯಿತು?" ಎಂದು ಮಗುವನ್ನು ಕುಳ್ಳಿರಿಸುವ ಶಕ್ತಿ ಪತ್ತೇದಾರಿ ಚಿತ್ರಕ್ಕಿದ್ದಷ್ಟು ಬೇರೆ ಯಾವುದಕ್ಕೂ ಇಲ್ಲ.

ಪತ್ತೇದಾರಿ ಕಥೆಗೂ ಕನ್ನಡದ ದುಡಿಯುವ ಜನಕ್ಕೂ ಹಳೆಯ ನಂಟು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು 1952ರಲ್ಲಿ 'ಪತ್ತೇದಾರ ಪುರುಷೋತ್ತಮ'ನನ್ನು ತಂದರು. ಮುಂದೆ ಅವರ ಕಾದಂಬರಿಗಳ ಸಂಖ್ಯೆ ಐನೂರನ್ನು ಮೀರಿತು. ಅವರ ಪುಸ್ತಕ ಹಿಡಿದು ಅಕ್ಷರ ಕೂಡಿಸಿ ಓದಲು ಕಲಿತ ಹೋಟೆಲು ಮಾಣಿಗಳು ಎಷ್ಟು ಮಂದಿಯೋ! ಪಂಡಿತರು ಅವುಗಳಿಗೆ ಮೂಗು ಮುರಿದಿರಬಹುದು. ಆದರೆ ಆ ಪುಸ್ತಕಗಳು ಮಾಡಿದ ಕೆಲಸವನ್ನು ಪಂಡಿತರ ಪುಸ್ತಕಗಳು ಮಾಡಲಿಲ್ಲ. ಚಿತ್ರಗಳ ವಿಷಯದಲ್ಲಿಯೂ ಇದೇ ಮಾತು.

ಆ ಚಿತ್ರಗಳಾದರೂ ಸಾಮಾನ್ಯವೇ? ದೊರೈ-ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ'ಯನ್ನು ತಂದಾಗ ರಾಜಕುಮಾರರು ಸಿ.ಐ.ಡಿ. 999 ಆಗಿ ಬಂದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999' ಬಂತು. ಪುರಾಣದ ಕಿರೀಟ ಧರಿಸಿದ್ದ ನಟನ ಕೈಗೆ ಪಿಸ್ತೂಲು ಬಂದದ್ದನ್ನು ಕಂಡು ನಮ್ಮ ಹಿರಿಯರು ಶಿಳ್ಳೆ ಹೊಡೆದರು. 1978ರಲ್ಲಿ ಕಾಶೀನಾಥರ 'ಅಪರಿಚಿತ' ಬಂತು. ಸುರೇಶ್ ಹೆಬ್ಳೀಕರ್, ಶೋಭಾ ನಟಿಸಿದ ಆ ಚಿತ್ರ ದೊಡ್ಡ ನಾಯಕರಿಲ್ಲದೆಯೂ ಜನರನ್ನು ಹಿಡಿದು ಕೂರಿಸಿತು. 1981ರಲ್ಲಿ ಅದು 'ಬೇಶಕ್' ಎಂದು ಹಿಂದಿಗೂ ಹೋಯಿತು. 1979ರ 'ನಾ ನಿನ್ನ ಬಿಡಲಾರೆ' ಕಂಡು ರಾತ್ರಿ ಒಬ್ಬರೇ ಹೊರಗೆ ಹೋಗಲು ಹೆದರಿದವರು ನಮ್ಮ ಓದುಗರಲ್ಲಿಯೇ ಇದ್ದಾರು. ಶಂಕರ್ ನಾಗ್ 1980ರಲ್ಲಿ 'ಮಿಂಚಿನ ಓಟ'ವನ್ನೂ, 1985ರಲ್ಲಿ 'ಆಕ್ಸಿಡೆಂಟ್' ಚಿತ್ರವನ್ನೂ ಕೊಟ್ಟರು. ಸುನೀಲ್ ಕುಮಾರ್ ದೇಸಾಯಿಯವರ 'ತರ್ಕ' 1989ರಲ್ಲಿ ಒಂದು ಹಾಡೂ ಇಲ್ಲದೆ ಬಂದು ಗೆದ್ದಿತು, ತಮಿಳಿಗೂ ಹೋಯಿತು. 1993ರಲ್ಲಿ ಅವರ 'ನಿಷ್ಕರ್ಷ'ವೂ ಉಪೇಂದ್ರರ 'ಶ್!' ಚಿತ್ರವೂ ಬಂದವು.

ನಾವು ನೆಲೆಸಿರುವ ನಾಡಿಗೂ ಈ ಬಗೆಯ ಕಥೆ ಹೊಸದಲ್ಲ. ಹಾಡುಗಳಿಲ್ಲದ ಹಿಂದಿ ಚಿತ್ರವೆಂದು ಹೆಸರಾದ 1969ರ 'ಇತ್ತೆಫಾಕ್' ಹುಟ್ಟಿದ್ದು 'ಧುಮ್ಮಸ್' ಎಂಬ ಗುಜರಾತಿ ನಾಟಕದಿಂದ. ಆದ್ದರಿಂದ 'ತರ್ಕ'ವನ್ನು ನಮ್ಮ ಗುಜರಾತಿ ನೆರೆಯವರಿಗೆ ತೋರಿಸಿದರೆ ಅವರಿಗೆ ಅದು ಅನ್ಯವೆನಿಸದು. ಕೆಳಗೆ ಮಾತಿನ ಸಾಲು ಮೂಡಿಸಿದ ಒಳ್ಳೆಯ ಪ್ರತಿ ಇದ್ದರೆ ಸಾಕು. ಆ 'ಇದ್ದರೆ' ಎಂಬಲ್ಲಿಯೇ ನಮ್ಮ ದುಃಖವೆಲ್ಲ ಇದೆ.

ಚಿತ್ರ ಏಕೆ ಕೆಡುತ್ತದೆ ಎಂಬುದನ್ನು ಇತರರಿಗಿಂತ ನಮ್ಮ ಓದುಗರು ಬೇಗ ತಿಳಿಯಬಲ್ಲರು. ಹಳೆಯ ಕಾಲದ ಫಿಲ್ಮಿನ ಪಟ್ಟಿ ಮೂಲತಃ ಹತ್ತಿಯೇ! ಹತ್ತಿಯ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಲ್ಲಿ ಹದಗೊಳಿಸಿ ಮಾಡಿದ ಆ ಪಟ್ಟಿ ಸಿಡಿಮದ್ದಿನ ಬಳಗದ್ದು. ಕಿಡಿ ತಗಲಿದರೆ ನೀರೂ ಆರಿಸಲಾರದು. 2003ರಲ್ಲಿ ಪುಣೆಯಲ್ಲಿ ಅಂಥ ಹಳೆಯ ಫಿಲ್ಮುಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ಮರಳಿ ಬಾರದ ಎಷ್ಟೋ ಚಿತ್ರಗಳು ಬೂದಿಯಾದವು. 1950ರ ಸುಮಾರಿಗೆ ಆ ಪಟ್ಟಿ ಹೋಗಿ ಅಸಿಟೇಟ್ ಪಟ್ಟಿ ಬಂತು. ಸೂರತ್ತಿನ ಆರ್ಟ್ ಸಿಲ್ಕ್ ಕೆಲಸ ಬಲ್ಲವರಿಗೆ ಈ ಹೆಸರು ಹೊಸದಲ್ಲ. ಅಸಿಟೇಟ್ ನೂಲೂ ಅದೇ ಕುಲದ್ದು. ಇದಕ್ಕೆ ಬೆಂಕಿಯ ಭಯ ಕಡಮೆ. ಆದರೆ ಬಿಸಿ ಮತ್ತು ತೇವ ತಾಗಿದರೆ ಒಳಗಿನಿಂದಲೇ ಹುಳಿಯುತ್ತದೆ. ಡಬ್ಬಿಯ ಮುಚ್ಚಳ ತೆಗೆದರೆ ಹೋಟೆಲಿನ ಅಡುಗೆಮನೆಯ ವಿನೆಗರಿನ ವಾಸನೆಯೇ ಹೊಡೆಯುತ್ತದೆ. ಒಮ್ಮೆ ಹುಳಿಯಲಾರಂಭಿಸಿದ ಪಟ್ಟಿ ಸುಕ್ಕುಗಟ್ಟಿ, ಮುರುಟಿ, ಕೊನೆಗೆ ಯಂತ್ರಕ್ಕೆ ಏರಿಸಲೂ ಬಾರದಂತಾಗುತ್ತದೆ. ಒಂದು ಡಬ್ಬಿಯ ಹುಳಿ ಪಕ್ಕದ ಡಬ್ಬಿಗೂ ಹತ್ತುತ್ತದೆ.

ಬಣ್ಣದ ಕಥೆಯೂ ಹೀಗೆಯೇ. ಡೈಯಿಂಗ್ ಖಾತೆಯಲ್ಲಿ ದುಡಿದವರಿಗೆ ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಬಿಡುವುದಿಲ್ಲವೆಂದು ಗೊತ್ತು. ಎಪ್ಪತ್ತರ ದಶಕದ ಬಣ್ಣದ ಫಿಲ್ಮಿನಲ್ಲಿ ನೀಲಿ ಹಸಿರಿನ ಪಾಲು ಮೊದಲು ಮಾಸುತ್ತದೆ. ಚಿತ್ರವೆಲ್ಲ ಕೆಂಪಡರಿದ ಹಳೆಯ ಸೀರೆಯಂತಾಗುತ್ತದೆ. ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ. ಆ ಬೆಳ್ಳಿಯ ಆಸೆಗಾಗಿ ಹಳೆಯ ಪ್ರತಿಗಳನ್ನು ತೂಕಕ್ಕೆ ಮಾರಿ ಕರಗಿಸಿದ್ದು ನಮ್ಮ ದೇಶದಲ್ಲಿ ಹೇರಳವಾಗಿ ನಡೆಯಿತು. 1934ರಲ್ಲಿ ಬಂದ ಕನ್ನಡದ ಪ್ರಥಮ ವಾಕ್ಚಿತ್ರ 'ಸತಿ ಸುಲೋಚನ' ಇಂದು ನೋಡಲು ಸಿಗುವುದಿಲ್ಲ. ಮೊದಲ ಮಗುವಿನ ಮುಖವನ್ನೇ ಮರೆತ ಮನೆಯಂತಾಗಿದೆ ನಮ್ಮ ಸ್ಥಿತಿ.

ಪತ್ತೇದಾರಿ ಚಿತ್ರಕ್ಕೆ ಈ ಕೇಡು ಬೇರೆ ಚಿತ್ರಗಳಿಗಿಂತ ಹೆಚ್ಚು ತಾಗುತ್ತದೆ. ಸಂಸಾರದ ಚಿತ್ರದಲ್ಲಿ ಎರಡು ನಿಮಿಷ ಹೋದರೂ ಕಥೆ ತಿಳಿಯುತ್ತದೆ. ಇಲ್ಲಿ ಹಾಗಲ್ಲ. ಕತ್ತಲೆಯಲ್ಲಿ ಕಂಡ ಒಂದು ಕೈ, ಮೇಜಿನ ಮೇಲಿದ್ದ ಒಂದು ಲೋಟ, ಗಡಿಯಾರದ ಮುಳ್ಳು, ಇವುಗಳಲ್ಲಿಯೇ ಕಥೆಯ ಕೀಲಿ ಇರುತ್ತದೆ. ಕತ್ತಲೆಯ ದೃಶ್ಯ ಮಸಿಯಾದರೆ, ಚಿತ್ರದ ಅಂಚನ್ನು ಟಿ.ವಿ.ಯ ಅಳತೆಗೆ ಕತ್ತರಿಸಿದರೆ, ಅನುಕೂಲಕ್ಕೆಂದು ಹತ್ತು ನಿಮಿಷ ಹಾರಿಸಿದರೆ, ನೋಡುವವನಿಗೆ ಕೊಲೆಗಾರ ಸಿಕ್ಕಾನು, ಕಾರಣ ಸಿಗಲಾರದು. ನಡುವೆ ಜಾಹೀರಾತು ಬಂದರೆ ಕಟ್ಟಿದ ಕುತೂಹಲ ಹಾಲು ಒಡೆದಂತೆ ಒಡೆಯುತ್ತದೆ.

ಮನೆಯಲ್ಲಿ ನೋಡುವ ಪ್ರತಿಗಳು ಹಿಂದೆ ಬರಲೇ ಇಲ್ಲವೆಂದಲ್ಲ. ಎಂಬತ್ತರ ದಶಕದಲ್ಲಿ ವಿಡಿಯೋ ಕ್ಯಾಸೆಟ್ಟು ಬಂತು, ರಾತ್ರಿಯಿಡೀ ವಿ.ಸಿ.ಆರ್. ಬಾಡಿಗೆಗೆ ತಂದು ಖೋಲಿಯಲ್ಲಿ ಮೂರು ಚಿತ್ರ ನೋಡಿದ್ದನ್ನು ಅನೇಕರು ಮರೆತಿರಲಾರರು. ಬಳಿಕ ವಿ.ಸಿ.ಡಿ., ಡಿ.ವಿ.ಡಿ.ಗಳು ಬಂದವು. 2007ರ ಸುಮಾರಿಗೆ ಮೋಸರ್ ಬೇರ್ ಕಂಪೆನಿ 28 ರೂಪಾಯಿಗೆ ಸಿನಿಮಾದ ವಿ.ಸಿ.ಡಿ. ಮಾರಲಾರಂಭಿಸಿದಾಗ ಬಡವನ ಮನೆಗೂ ಚಿತ್ರ ಬಂತೆಂದು ಎಲ್ಲರೂ ಸಂತೋಷಪಟ್ಟೆವು. ಆದರೆ ಅಗ್ಗದ ಡಿಸ್ಕುಗಳಲ್ಲಿ ಬಹಳಷ್ಟು, ಸವೆದ ಪ್ರತಿಯಿಂದ ತೆಗೆದವು. ಆ ಕಂಪೆನಿಯೂ ಈಗ ಮುಚ್ಚಿಹೋಗಿದೆ. ಡಿಸ್ಕು ಹಾಕುವ ಯಂತ್ರಗಳೂ ಮನೆಗಳಿಂದ ಮಾಯವಾಗಿವೆ. ಈಗ ನಾವು ಚಿತ್ರವನ್ನು ಕೊಳ್ಳುವುದಿಲ್ಲ. ಇನ್ನೊಬ್ಬರ ಅಂಗಡಿಯ ಕಿಟಕಿಯಲ್ಲಿ ಇಣುಕಿ ನೋಡುತ್ತೇವೆ. ಅವರು ಕಿಟಕಿ ಮುಚ್ಚಿದ ದಿನ ಚಿತ್ರವೂ ಇಲ್ಲ.

ಹಾಗಾದರೆ ಆಸೆ ಬಿಡಬೇಕೇ? ಬೇಡವೆಂಬುದೇ ನಮ್ಮ ಅಭಿಪ್ರಾಯ, ಮತ್ತು ಅದಕ್ಕೆ ಕಾರಣಗಳಿವೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ನಲವತ್ತೇಳು ವರ್ಷಗಳ ಬಳಿಕ, 2024ರಲ್ಲಿ, ಹೊಸದಾಗಿ ಸಂಸ್ಕಾರ ಪಡೆದು ವೆನಿಸ್ ಚಿತ್ರೋತ್ಸವದಲ್ಲಿ ಬೆಳಗಿತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ, ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ನಡೆಸುವ ವಿಶ್ವ ಚಿತ್ರ ಯೋಜನೆಯೂ ಕೂಡಿ ಮಾಡಿದ ಕೆಲಸವದು. 2022ರಲ್ಲಿ ಕೇಂದ್ರ ಸರಕಾರವು 363 ಕೋಟಿ ರೂಪಾಯಿಗಳಲ್ಲಿ ಸುಮಾರು 2,200 ಭಾರತೀಯ ಚಿತ್ರಗಳನ್ನು ಉಳಿಸುವುದಾಗಿ ಸಾರಿತು. ಪುಣೆಯಲ್ಲಿ 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಹೆಗಲ ಮೇಲೆ ಆ ಹೊಣೆ ಇದೆ. ಕರ್ನಾಟಕದಲ್ಲಿ 'ನಾಗರಹಾವು' 2018ರಲ್ಲಿಯೂ 'ನಿಷ್ಕರ್ಷ' 2019ರಲ್ಲಿಯೂ ಹೊಸ ರೂಪದಲ್ಲಿ ಚಿತ್ರಮಂದಿರಗಳಿಗೆ ಬಂದವು. ಅವುಗಳ ಸುದ್ದಿ ನಮಗೆ ಮುಟ್ಟಿತು. ನೋಡುವ ಭಾಗ್ಯ ನಮ್ಮಲ್ಲಿ ಹೆಚ್ಚಿನವರಿಗೆ ಬರಲಿಲ್ಲ.

ಹೊರಗಿನ ಲೋಕದ ಉದಾಹರಣೆಯೂ ಧೈರ್ಯ ಕೊಡುತ್ತದೆ. ಕುತೂಹಲ ಚಿತ್ರಗಳ ಗುರುವೆನಿಸಿದ ಹಿಚ್‌ಕಾಕನ 'ರಿಯರ್ ವಿಂಡೋ', 'ವರ್ಟಿಗೊ' ಮೊದಲಾದ ಐದು ಚಿತ್ರಗಳು ಹಕ್ಕಿನ ಕಾರಣದಿಂದ ಬಹುಕಾಲ ಜನರ ಕಣ್ಣಿಗೆ ಬೀಳದೆ, 1983-84ರಲ್ಲಿ ಮರಳಿ ಹೊರಬಂದವು. 1958ರ 'ವರ್ಟಿಗೊ'ವನ್ನು 1996ರಲ್ಲಿ ಕಷ್ಟಪಟ್ಟು ಸರಿಪಡಿಸಿದರು. ಅವನ 1926ರ 'ದಿ ಮೌಂಟನ್ ಈಗಲ್' ಮಾತ್ರ ಎಲ್ಲಿಯೂ ಇಲ್ಲ. ಅಂಥ ಹೆಸರುವಾಸಿಯ ಚಿತ್ರವೂ ಕಾಣೆಯಾಗುತ್ತದೆ. ಹಟ ಹಿಡಿದರೆ ಬೇರೆಯವು ಉಳಿಯುತ್ತವೆ. ಎರಡು ಪಾಠವನ್ನೂ ನಾವು ಕಲಿಯಬೇಕು.

ಕಾನೂನಿನ ಒಂದು ಮಾತನ್ನೂ ಓದುಗರು ತಿಳಿದಿರುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಲಚ್ಚಿತ್ರದ ಹಕ್ಕು ಅದು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಮಾತ್ರ. 'ಜೇಡರ ಬಲೆ'ಯ ಹಕ್ಕು 2028ರ ಕೊನೆಗೆ ಮುಗಿಯುತ್ತದೆ. ಹಾಡಿನ ಸಾಹಿತ್ಯ, ಸಂಗೀತಗಳ ಹಕ್ಕಿನ ಲೆಕ್ಕ ಬೇರೆ, ಅದನ್ನು ಮರೆಯಕೂಡದು. ಆದರೂ ಚಿತ್ರ ಎಲ್ಲರದಾಗುವ ದಿನ ಬಂದಾಗ ನೆಗೆಟಿವ್ ಹುಳಿತು ಹೋಗಿದ್ದರೆ ಏನು ಬಂತು? ಬೀಗದ ಕೈ ಸಿಕ್ಕಿತು, ಮನೆ ಕುಸಿದಿತ್ತು ಎಂದಂತಾದೀತು. ಹಕ್ಕು ಹೊಂದಿದ ನಿರ್ಮಾಪಕರಿಗೂ ಅವರ ವಾರಸುದಾರರಿಗೂ ನಾವು ಹೇಳುವುದಿಷ್ಟೇ: ಹಕ್ಕು ನಿಮ್ಮದಿರುವಾಗಲೇ ಚಿತ್ರವನ್ನು ಉಳಿಸಿ, ಮಾರಿ, ಲಾಭವನ್ನೂ ಪಡೆಯಿರಿ. ನಾವು ಪುಕ್ಕಟೆ ಕೇಳುವವರಲ್ಲ.

ಕೆಲಸ ಸುಲಭವೆಂದು ನಾವು ಹೇಳುವುದಿಲ್ಲ. ಸೆಕೆಂಡಿಗೆ 24ರಂತೆ ಎರಡು ಗಂಟೆಯ ಚಿತ್ರದಲ್ಲಿ 1,72,800 ಬಿಡಿ ಚಿತ್ರಗಳಿರುತ್ತವೆ. ಮೂಲ ನೆಗೆಟಿವನ್ನು ತೊಳೆದು, ಹರಿದದ್ದನ್ನು ಜೋಡಿಸಿ, ಒಂದೊಂದನ್ನೂ ಯಂತ್ರದಿಂದ ನಕಲಿಸಿ, ಗೀರು ಕಲೆಗಳನ್ನು ತೆಗೆದು, ಬಣ್ಣವನ್ನು ಬದುಕಿರುವ ಛಾಯಾಗ್ರಾಹಕರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಇದಕ್ಕೆ ಹಣ ಬೇಕು. "ಕನ್ನಡದ ಹಳೆಯ ಚಿತ್ರವನ್ನು ಕೊಳ್ಳುವವರು ಯಾರು?" ಎಂದು ವ್ಯಾಪಾರಿಗಳು ಕೇಳುವುದೂ ಸಹಜ.

ಆ ಪ್ರಶ್ನೆಗೆ ಉತ್ತರ ನಾವಿರುವ ಈ ನಾಡಿನಲ್ಲಿಯೇ ಇದೆ. ಅಹಮದಾಬಾದಿನಿಂದ ವಡೋದರಕ್ಕೆ ಹೋಗುವಾಗ ಆಣಂದ್ ನಿಲ್ದಾಣವನ್ನು ದಾಟದವರು ನಮ್ಮಲ್ಲಿ ಯಾರಿದ್ದಾರೆ? ಅಲ್ಲಿ ಬೆಳೆದ ಸಹಕಾರಿ ಹಾಲಿನ ಚಳವಳಿಯ ಕಥೆಯನ್ನು ಶ್ಯಾಮ್ ಬೆನೆಗಲ್ 1976ರಲ್ಲಿ 'ಮಂಥನ್' ಎಂದು ಚಿತ್ರಿಸಿದಾಗ, ಗುಜರಾತಿನ ಐದು ಲಕ್ಷ ಹೈನುಗಾರರು ತಲೆಗೆ ಎರಡು ರೂಪಾಯಿಯಂತೆ ಕೊಟ್ಟು ಅದರ ನಿರ್ಮಾಪಕರಾದರು. ಎರಡೆರಡು ರೂಪಾಯಿ ಕೂಡಿ ಹತ್ತು ಲಕ್ಷವಾಯಿತು! ಅದರಲ್ಲಿ ಡಾಕ್ಟರ ಪಾತ್ರ ವಹಿಸಿದವರು ನಮ್ಮ ಗಿರೀಶ್ ಕಾರ್ನಾಡರು. ಅನಂತ ನಾಗರೂ ಅದರಲ್ಲಿದ್ದಾರೆ. ಅದೇ 'ಮಂಥನ್' 2024ರ ಮೇ ತಿಂಗಳಲ್ಲಿ ಹೊಸ ಕಳೆಯೊಂದಿಗೆ ಕಾನ್ ಚಿತ್ರೋತ್ಸವಕ್ಕೆ ಹೋಗಿ, ಜೂನಿನಲ್ಲಿ ದೇಶದ ಚಿತ್ರಮಂದಿರಗಳಿಗೂ ಬಂತು. ಹಾಲು ಕರೆಯುವವರ ಎರಡು ರೂಪಾಯಿಯ ಚಿತ್ರ ಅರ್ಧ ಶತಮಾನದ ಬಳಿಕವೂ ಜೀವಂತವಾಗಿದೆ. ಆ ಹಾಲಿನಲ್ಲಿಯೇ ದಿನವೂ ಚಾ ಕಾಸುವ ನಮಗೆ ಇದರಿಂದ ಕಲಿಯುವುದೇನೂ ಇಲ್ಲವೇ?

ನಮ್ಮ ಸೂಚನೆಗಳು ಮೂರು. ಮೊದಲನೆಯದಾಗಿ, ಮೂರು ನಗರಗಳ ಕನ್ನಡ ಸಂಘಗಳು ಕೂಡಿ ತಮ್ಮ ಸದಸ್ಯರು ಕೊಳ್ಳಲಿಚ್ಛಿಸುವ ಹತ್ತು ಪತ್ತೇದಾರಿ ಚಿತ್ರಗಳ ಪಟ್ಟಿ ಮಾಡಲಿ. ಎಷ್ಟು ಮಂದಿ ಮುಂಗಡ ಕೊಡಲು ಸಿದ್ಧರೆಂದು ಸಹಿ ಸಂಗ್ರಹಿಸಲಿ. ಹೊರದೇಶಗಳಲ್ಲಿ ಹಳೆಯ ಚಿತ್ರಗಳ ಡಿಸ್ಕುಗಳು ಮುಂಗಡ ಬೇಡಿಕೆ ನೋಡಿ ಕೆಲವೇ ಪ್ರತಿಗಳಲ್ಲಿ ಹೊರಬರುವುದುಂಟು. ಬರಿಯ ಬೇಡಿಕೆಗಿಂತ ಸಹಿ ಹಾಕಿದ ಬೇಡಿಕೆಗೆ ತೂಕ ಹೆಚ್ಚೆಂಬುದು ಸಂಘದವರಾದ ನಮಗೆ ಗೊತ್ತಿಲ್ಲದ್ದಲ್ಲ. ಎರಡನೆಯದಾಗಿ, ಆ ಪಟ್ಟಿಯನ್ನು ಹಕ್ಕುದಾರರಿಗೂ ಕರ್ನಾಟಕ ಚಲನಚಿತ್ರ ಅಕಾಡೆಮಿಗೂ ಪುಣೆಯ ಸಂಗ್ರಹಾಲಯಕ್ಕೂ ಕಳುಹಿಸಿ, ಪ್ರಶಸ್ತಿ ಪಡೆದ ಗಂಭೀರ ಚಿತ್ರಗಳ ಜೊತೆಗೆ ಜನ ಮೆಚ್ಚಿದ ಇಂಥ ಚಿತ್ರಗಳಿಗೂ ಸರದಿಯಲ್ಲಿ ಸ್ಥಾನ ಕೊಡಿರೆಂದು ಕೇಳಬೇಕು. ಮೂರನೆಯದಾಗಿ, ಹೊಸ ಪ್ರತಿಯಲ್ಲಿ ಚಿತ್ರ ಪೂರ್ಣವಾಗಿರಲಿ, ಅಂಚು ಕತ್ತರಿಸದಿರಲಿ, ಹಿಂದಿಯಲ್ಲಿಯೂ ಗುಜರಾತಿಯಲ್ಲಿಯೂ ಮಾತಿನ ಸಾಲುಗಳಿರಲಿ. ನಮ್ಮ ಮಕ್ಕಳು ಆ ಸಾಲುಗಳನ್ನು ಹಿಡಿದುಕೊಂಡು ಕನ್ನಡದ ಮಾತಿಗೆ ಬರುತ್ತಾರೆ.

"ಖೋಲಿಯಲ್ಲಿ ಆರು ಮಂದಿ ಮಲಗುವ ನಮಗೆ ಡಿಸ್ಕು ಹಾಕಲು ಯಂತ್ರವೆಲ್ಲಿ?" ಎಂಬ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ನಮ್ಮ ಹಟ ಡಿಸ್ಕಿನ ಮೇಲಲ್ಲ, ಒಳ್ಳೆಯ ಪ್ರತಿಯ ಮೇಲೆ. ಸಂಘಕ್ಕೊಂದು ಯಂತ್ರ, ಒಂದು ಪರದೆ, ಒಂದು ಕಪಾಟು ಚಿತ್ರಗಳು ಇದ್ದರೆ ಸಾಕು; ಗ್ರಂಥಾಲಯದಂತೆ ಅದು ಎಲ್ಲರದಾಗುತ್ತದೆ. ಮನೆಯ ಬಳಕೆಗೆಂದು ಕೊಂಡದ್ದನ್ನು ಸಭೆಯಲ್ಲಿ ತೋರಿಸಲು ಹಕ್ಕುದಾರರ ಒಪ್ಪಿಗೆ ಬೇಕು. ಅದನ್ನೂ ಪತ್ರ ಬರೆದು ಪಡೆಯೋಣ. ಆ ಸೋಮವಾರ ನಾವು ಯಾರನ್ನೂ ಕೇಳದೆ ತೋರಿಸಿದೆವು. ಅದು ನಮ್ಮ ತಪ್ಪು. ಪರರ ದುಡಿಮೆಗೆ ಬೆಲೆ ಕೊಡದವರು ತಮ್ಮ ದುಡಿಮೆಗೆ ಬೆಲೆ ಕೇಳುವುದು ಹೇಗೆ?

ಆ ತಂದೆ ಈಗಲೂ ಸಿಕ್ಕಾಗಲೆಲ್ಲ, "ಒಳ್ಳೆಯ ಕಾಪಿ ಬಂದರೆ ಹೇಳಿ ಮಾರಾಯ್ರೆ, ಮಗಳನ್ನು ಮತ್ತೆ ಕರೆದುಕೊಂಡು ಬರುತ್ತೇನೆ" ಎನ್ನುತ್ತಾರೆ. ಮಗಳಿಗೆ ಈಗ ಹನ್ನೊಂದು ವರ್ಷ. ಇನ್ನು ಐದಾರು ವರ್ಷಗಳಲ್ಲಿ ತಂದೆಯ ಜೊತೆ ಕುಳಿತು ಚಿತ್ರ ನೋಡುವ ವಯಸ್ಸು ಕಳೆಯುತ್ತದೆ. ಫಿಲ್ಮಿನ ಡಬ್ಬಿಯೊಳಗೆ ಹುಳಿ ಏರುತ್ತಿರುವಂತೆಯೇ ನಮ್ಮ ಮನೆಗಳಲ್ಲಿ ಆ ಕಾಲವೂ ಸರಿಯುತ್ತಿದೆ. ಸಹಿಯ ಕಾಗದ ಮುಂದಿನ ವಾರದಿಂದ ಸಂಘದ ಕೋಣೆಯಲ್ಲಿರುತ್ತದೆ. ಪಾಳಿ ಮುಗಿಸಿ ಹೋಗುವಾಗ ಒಂದು ಗಳಿಗೆ ನಿಂತು, ತಮಗೆ ಬೇಕಾದ ಚಿತ್ರದ ಹೆಸರನ್ನೂ ತಮ್ಮ ಹೆಸರನ್ನೂ ಅದರಲ್ಲಿ ಬರೆದು ಹೋಗಬೇಕೆಂದು ಬಂಧುಗಳನ್ನು ವಿನಂತಿಸುತ್ತೇವೆ.